ಅತ್ತೆ-ಮಾವ, ಇಬ್ಬರು ಮಕ್ಕಳು, ಮೊದಲ ಟೆಂಟು: ಯಾವ ಪಾರ್ಕಿಗೆ ಹೋಗುವುದು?

ಪ್ರಶ್ನೆ: ನಾವು ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಎರಡು ವರ್ಷವಾಯಿತು. ಮಗಳಿಗೆ ಒಂಬತ್ತು, ಮಗನಿಗೆ ಐದು. ಜೂನ್‌ನಲ್ಲಿ ಅತ್ತೆ-ಮಾವ ದಾವಣಗೆರೆಯಿಂದ ಬರುತ್ತಾರೆ, ನವೆಂಬರ್‌ವರೆಗೆ ಇರುತ್ತಾರೆ. ಎಲ್ಲರೂ ಸೇರಿ ಯಾವುದಾದರೂ ಸ್ಟೇಟ್ ಪಾರ್ಕಿನಲ್ಲಿ ಟೆಂಟು ಹಾಕಿ ಉಳಿಯಬೇಕು, ಸ್ವಲ್ಪ ಕಾಡಿನಲ್ಲಿ ನಡೆಯಬೇಕು ಎಂಬ ಆಸೆ. ನಮ್ಮಲ್ಲಿ ಯಾರಿಗೂ ಅನುಭವವಿಲ್ಲ. ಅತ್ತೆಗೆ ಮಂಡಿ ನೋವು. ನಾವು ಸಸ್ಯಾಹಾರಿಗಳು. ಎಲ್ಲಿಗೆ ಹೋಗಬೇಕು, ಏನೇನು ಕೊಳ್ಳಬೇಕು, ಊಟಕ್ಕೆ ಏನು ಮಾಡಬೇಕು? ಕರಡಿ, ಹಾವುಗಳ ಭಯ ಎಷ್ಟಿದೆ?

ಉತ್ತರ: ಕರಡಿಯ ಬಗ್ಗೆ ಕೇಳಿದ್ದೀರಿ, ಹಾವಿನ ಬಗ್ಗೆ ಕೇಳಿದ್ದೀರಿ. ಚಳಿಯ ಬಗ್ಗೆ ಕೇಳಲೇ ಇಲ್ಲ. ಹೊಸಬರು ಯಾರೂ ಕೇಳುವುದಿಲ್ಲ. ಬೇಸಿಗೆ ಅಲ್ವಾ, ಚಳಿ ಎಲ್ಲಿಂದ ಬರಬೇಕು ಅನ್ನಿಸುತ್ತದೆ. ಜುಲೈನಲ್ಲಿ ಫ್ರೀಮಾಂಟ್‌ನಲ್ಲಿ ಫ್ಯಾನ್ ಹಾಕಿಕೊಂಡು ಮಲಗುವ ರಾತ್ರಿಯಲ್ಲೇ ಸಮುದ್ರದ ಕಡೆಯ, ರೆಡ್‌ವುಡ್ ಎಂಬ ಭಾರೀ ಎತ್ತರದ ಮರಗಳ ಕಣಿವೆಗಳಲ್ಲಿ 50 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಅಂದರೆ ಸುಮಾರು 10 ಡಿಗ್ರಿ ಸೆಲ್ಸಿಯಸ್. ದಾವಣಗೆರೆಯವರಿಗೆ ಅದು ಡಿಸೆಂಬರ್‌ಗಿಂತ ಜಾಸ್ತಿ ಚಳಿ. ಒಂದು ಸಲ ಹೋಗಿ ಬಂದು ಟೆಂಟನ್ನು ಗ್ಯಾರೇಜಿನ ಮೂಲೆಗೆ ತಳ್ಳಿದವರನ್ನು ಕೇಳಿ ನೋಡಿ. ಕರಡಿ ಬಂತು ಅಂತ ಯಾರೂ ಹೇಳುವುದಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ ಅಂತಲೇ ಹೇಳುತ್ತಾರೆ. ಹಾಗಾಗಿ ನಿದ್ದೆಯಿಂದಲೇ ಶುರು ಮಾಡುತ್ತೇನೆ.

ಚಳಿ ಮೇಲಿನಿಂದ ಬರುವುದಕ್ಕಿಂತ ಕೆಳಗಿನಿಂದ ಬರುವುದೇ ಹೆಚ್ಚು. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗಿನ ನಾರು-ಪುಕ್ಕದಿಂದಲ್ಲ, ಅದರ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ನೀವು ಮಲಗಿದಾಗ ಬೆನ್ನಿನ ಕೆಳಗಿನ ಭಾಗ ಅಪ್ಪಚ್ಚಿಯಾಗುತ್ತದೆ. ಅಲ್ಲಿ ಗಾಳಿಯೇ ಉಳಿಯುವುದಿಲ್ಲ. ನೆಲ ನಿಮ್ಮ ಮೈಯ ಬಿಸಿಯನ್ನು ಬೆಳಗಿನವರೆಗೂ ಎಳೆದುಕೊಳ್ಳುತ್ತಾ ಇರುತ್ತದೆ. ನೆಂಟರು ಬಂದಾಗ ಊದಿಸುವ ದೊಡ್ಡ ಏರ್ ಮ್ಯಾಟ್ರೆಸ್ ಇದೆಯಲ್ಲ, ಅದು ಇನ್ನೂ ಕೆಟ್ಟದು. ಒಳಗಿನ ಗಾಳಿ ಹೊರಗಿನಷ್ಟೇ ತಣ್ಣಗಾಗಿ, ಅದರ ಮೇಲೆ ನೀವು ಮಲಗಿರುತ್ತೀರಿ. ಮನೆಯಲ್ಲಿ ಹತ್ತು ಕಂಬಳಿ ಇದ್ದರೂ ಮೇಲೆ ಹೊದೆಯುವ ಮುಂಚೆ ಎರಡನ್ನು ಕೆಳಗೆ ಹಾಸಿ.

ಕೊಳ್ಳುವಾಗ, ಬ್ಯಾಗಿನ ಕೆಳಗೆ ಹಾಸುವ ಸ್ಲೀಪಿಂಗ್ ಪ್ಯಾಡ್ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ಸಂಖ್ಯೆ ಬರೆದಿರುತ್ತಾರೆ. ನೆಲದ ಚಳಿಯನ್ನು ಅದು ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ಬೇಸಿಗೆಗೆ ನಿಮಗೂ ಮಕ್ಕಳಿಗೂ 2ರ ಮೇಲೆ ಇದ್ದರೆ ಸಾಕು. ಹಿರಿಯರಿಗೆ 4ರ ಹತ್ತಿರದ್ದು ತೆಗೆದುಕೊಳ್ಳಿ. ಬ್ಯಾಗಿನ ಮೇಲೂ ಒಂದು ಸಂಖ್ಯೆ ಇರುತ್ತದೆ, 20 ಡಿಗ್ರಿ, 40 ಡಿಗ್ರಿ ಅಂತ, ಫ್ಯಾರನ್‌ಹೀಟ್‌ನಲ್ಲಿ. ಅದನ್ನು ಅಕ್ಷರಶಃ ನಂಬಬೇಡಿ. ಬಹಳಷ್ಟು ಬ್ಯಾಗುಗಳಲ್ಲಿ ಅದು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಮಟ್ಟ, ಹಾಯಾಗಿ ಮಲಗುವ ಮಟ್ಟವಲ್ಲ. ಹತ್ತು-ಹದಿನೈದು ಡಿಗ್ರಿ ಸೇರಿಸಿ ನೋಡಿ. 50 ಡಿಗ್ರಿಯ ರಾತ್ರಿಗೆ 30 ಡಿಗ್ರಿಯ ಬ್ಯಾಗು ಸರಿಹೋಗುತ್ತದೆ.

ಅತ್ತೆಯವರಿಗೆ ಮಾತ್ರ ಬೇರೆ ವ್ಯವಸ್ಥೆ ಬೇಕು. ಮಂಡಿ ನೋವಿದ್ದವರಿಗೆ ನೆಲದಲ್ಲಿ ಮಲಗುವುದು ಕಷ್ಟವಲ್ಲ, ನೆಲದಿಂದ ಏಳುವುದು ಕಷ್ಟ. ಅದೂ ರಾತ್ರಿ ಎರಡು ಗಂಟೆಗೆ, ಕತ್ತಲಲ್ಲಿ, ಟೆಂಟಿನ ಜಿಪ್ ಹುಡುಕುತ್ತಾ. ಮಡಿಸುವ ಕ್ಯಾಂಪ್ ಕಾಟ್ ಸಿಗುತ್ತದೆ, ನಮ್ಮ ಊರಿನ ನವಾರದ ಮಂಚದ ಥರ. ಎರಡು ತೆಗೆದುಕೊಳ್ಳಿ. ಅದರ ಮೇಲೂ ಪ್ಯಾಡ್ ಹಾಸಬೇಕು, ಮರೆಯಬೇಡಿ. ಕಾಟಿನ ಕೆಳಗೆ ಗಾಳಿ ಆಡುವುದರಿಂದ ಬರೀ ಬಟ್ಟೆಯ ಮೇಲೆ ಮಲಗಿದರೆ ಬೆನ್ನು ಕೊರೆಯುತ್ತದೆ. ಟೆಂಟು ಎದ್ದು ನಿಲ್ಲುವಷ್ಟು ಎತ್ತರ ಇರಲಿ. "ನಾಲ್ಕು ಜನರ ಟೆಂಟ್" ಅಂದರೆ ನಾಲ್ಕು ಜನ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗುವ ಟೆಂಟ್. ನಿಮಗೆ ಆರು ಜನರದ್ದೊಂದು, ಅತ್ತೆ-ಮಾವನಿಗೆ ನಾಲ್ಕು ಜನರದ್ದೊಂದು ಬೇಕು. ಮಾವ ಊರಿಂದ ಬರುವಾಗ ಮಂಕಿ ಕ್ಯಾಪ್ ತರಲಿ. ಇಲ್ಲಿ ಅಷ್ಟು ಒಳ್ಳೆಯದು ಸಿಗುವುದಿಲ್ಲ.

ಇಷ್ಟೆಲ್ಲ ಈಗಲೇ ಕೊಳ್ಳಬೇಡಿ. ಕ್ಯಾಂಪಿಂಗ್ ಸಾಮಾನು ಮಾರುವ ಆರ್‌ಇಐ ಅಂಗಡಿಗಳ ಕೆಲವು ಶಾಖೆಗಳಲ್ಲಿ ಟೆಂಟ್, ಬ್ಯಾಗ್ ಬಾಡಿಗೆಗೆ ಸಿಗುತ್ತವೆ. ಆಫೀಸಿನಲ್ಲಿ, ಕನ್ನಡ ಕೂಟದಲ್ಲಿ ವಿಚಾರಿಸಿದರೆ ಯಾರದ್ದಾದರೂ ಗ್ಯಾರೇಜಿನಲ್ಲಿ ಒಂದು ಟೆಂಟು ಸುಮ್ನೆ ಬಿದ್ದಿರುತ್ತದೆ. ಅತ್ತೆ-ಮಾವ ಬರುವ ಮೊದಲು, ಏಪ್ರಿಲ್-ಮೇ ಹೊತ್ತಿಗೆ, ನೀವು ನಾಲ್ವರೇ ಒಂದು ರಾತ್ರಿ ಹತ್ತಿರದಲ್ಲೇ ಉಳಿದು ಬನ್ನಿ. ಅದು ಸ್ಟೇಟ್ ಪಾರ್ಕೇ ಆಗಬೇಕಿಲ್ಲ. ಕ್ಯಾಸ್ಟ್ರೋ ವ್ಯಾಲಿ ಪಕ್ಕದ ಆಂಥನಿ ಶಾಬೋ ರೀಜನಲ್ ಪಾರ್ಕ್ ನಿಮ್ಮ ಮನೆಯಿಂದ ದೂರವೇನಿಲ್ಲ. ಸರಿಹೋಗದಿದ್ದರೆ ಮಧ್ಯರಾತ್ರಿ ಎದ್ದು ಮನೆಗೆ ಬರಬಹುದು. ಟೆಂಟಿನ ಯಾವ ಕೋಲು ಎಲ್ಲಿಗೆ ಅನ್ನುವುದು, ಮಗ ಕತ್ತಲಿಗೆ ಹೆದರುತ್ತಾನೋ ಇಲ್ಲವೋ ಅನ್ನುವುದು ಆ ಒಂದು ರಾತ್ರಿಯಲ್ಲೇ ಗೊತ್ತಾಗುತ್ತದೆ.

ಈಗ ಜಾಗ. ಕ್ಯಾಲಿಫೋರ್ನಿಯಾದಲ್ಲಿ ಸ್ಟೇಟ್ ಪಾರ್ಕ್ ವ್ಯವಸ್ಥೆಯ ಕೈಕೆಳಗೆ ಸುಮಾರು 280 ತಾಣಗಳಿವೆ. ನಿಮ್ಮ ಕುಟುಂಬಕ್ಕೆ ನಾನು ಹೇಳುವುದು ಒಂದೇ ಹೆಸರು: ಮರಿನ್ ಕೌಂಟಿಯ ಸ್ಯಾಮ್ಯುಯೆಲ್ ಪಿ. ಟೇಲರ್ ಸ್ಟೇಟ್ ಪಾರ್ಕ್. ರಿಚ್ಮಂಡ್ ಸೇತುವೆ ದಾಟಿ ಸ್ಯಾನ್ ರಫೇಲ್‌ಗೆ ಹೋಗಿ, ಅಲ್ಲಿಂದ ಪಶ್ಚಿಮಕ್ಕೆ ಸುಮಾರು 15 ಮೈಲಿ. ಗೋಲ್ಡ್ ರಶ್ ಕಾಲದಲ್ಲಿ ಚಿನ್ನ ಹುಡುಕಿಕೊಂಡು ಬಂದ ಟೇಲರ್ ಎಂಬಾತ ಇಲ್ಲಿನ ತೊರೆಯ ದಡದಲ್ಲಿ ಕಾಗದದ ಕಾರ್ಖಾನೆ ಕಟ್ಟಿದ. ಆಮೇಲೆ 1870ರ ದಶಕದಲ್ಲಿ ರೈಲು ಬಂತು. ಸ್ಯಾನ್ ಫ್ರಾನ್ಸಿಸ್ಕೋದ ಜನ ವಾರಾಂತ್ಯಕ್ಕೆ ಇಲ್ಲಿಗೆ ಬಂದು ಟೆಂಟು ಹಾಕತೊಡಗಿದರು. ಮೋಜಿಗಾಗಿ ಕ್ಯಾಂಪಿಂಗ್ ಅನ್ನುವುದು ಅಮೆರಿಕದಲ್ಲಿ ಮೊದಮೊದಲು ಶುರುವಾದ ಜಾಗಗಳಲ್ಲಿ ಇದೂ ಒಂದು. ಆ ರೈಲು ಈಗಿಲ್ಲ, ಅದರ ಹಾದಿ ಇದೆ. ಕ್ರಾಸ್ ಮರಿನ್ ಟ್ರೇಲ್ ಅಂತ ಹೆಸರು. ರೈಲು ಓಡಿದ ದಾರಿಯಾದ್ದರಿಂದ ಏರು-ಇಳಿವು ಇಲ್ಲವೇ ಇಲ್ಲ ಅನ್ನಬಹುದು. ಪಾರ್ಕಿನೊಳಗೆ ಬಹುಪಾಲು ಟಾರು ಹಾಕಿದ ದಾರಿ, ಪಕ್ಕದಲ್ಲಿ ಲಾಗುನೀಟಸ್ ತೊರೆ, ಮೇಲೆ ರೆಡ್‌ವುಡ್ ನೆರಳು. ಅತ್ತೆಯವರು ಎಷ್ಟು ದೂರ ಬೇಕೋ ಅಷ್ಟು ನಡೆದು ವಾಪಸ್ ತಿರುಗಬಹುದು. ಮಕ್ಕಳು ಸೈಕಲ್ ತಂದರೆ ದಿನವಿಡೀ ಅಲ್ಲೇ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಸರ್ ಫ್ರಾನ್ಸಿಸ್ ಡ್ರೇಕ್ ರಸ್ತೆ ಕ್ಯಾಂಪಿನ ಪಕ್ಕದಲ್ಲೇ ಹೋಗುತ್ತದೆ. ಕೆಲವು ಸೈಟುಗಳಿಗೆ, ಅಂದರೆ ಟೆಂಟು ಹಾಕುವ ಜಾಗಗಳಿಗೆ, ಕಾರಿನ ಸದ್ದು ಕೇಳಿಸುತ್ತದೆ. ಬುಕ್ ಮಾಡುವಾಗ ನಕ್ಷೆ ನೋಡಿ, ರಸ್ತೆಯಿಂದ ದೂರದ್ದನ್ನು ಆರಿಸಿ. ಟಾಯ್ಲೆಟ್ಟಿಗೆ ಹತ್ತಿರ ಇರಲಿ, ಆದರೆ ಅದರ ಪಕ್ಕದ ಸೈಟೇ ಬೇಡ. ರಾತ್ರಿಯೆಲ್ಲ ಬಾಗಿಲು ಬಡಿಯುತ್ತಿರುತ್ತದೆ. ಫ್ಲಷ್ ಇದೆ, ಸ್ನಾನಕ್ಕೆ ಬಿಸಿನೀರೂ ಇದೆ. ಇಲ್ಲದಿರುವುದು ಚೊಂಬು. ಅದನ್ನು ಮನೆಯಿಂದಲೇ ಒಯ್ಯಿರಿ.

ಅಲ್ಲಿ ರೆಡ್‌ವುಡ್‌ಗಳನ್ನು ಸುಮ್ಮನೆ ತಲೆಯೆತ್ತಿ ನೋಡಿ ಮುಂದೆ ಹೋಗಬೇಡಿ. ಬುಡವನ್ನು ನೋಡಿ. ನಡುವೆ ಕಡಿದ ಹಳೆಯ ಮೋಟು, ಸುತ್ತ ವೃತ್ತಾಕಾರದಲ್ಲಿ ಐದಾರು ದೊಡ್ಡ ಮರಗಳು. ಮೋಟು ಕೊಳೆತು ಮಣ್ಣಾಗಿದ್ದರೂ ಆ ವೃತ್ತ ಇರುತ್ತದೆ. ಹಿಂದೆ ಕಡಿದ ಮರದ ಬುಡದಿಂದಲೇ ಚಿಗುರಿ ಬೆಳೆದವು ಅವು. ಬೀಜದಿಂದ ಹುಟ್ಟಿದವಲ್ಲ. ಕ್ಯಾಲಿಫೋರ್ನಿಯಾದ ಹಳೆಯ ರೆಡ್‌ವುಡ್ ಕಾಡಿನಲ್ಲಿ ನೂರಕ್ಕೆ ಸುಮಾರು 95 ಭಾಗ ಕೊಡಲಿಗೆ ಹೋಗಿದೆ. ನೀವು ಟೆಂಟು ಹಾಕುವುದು ಬಹುಮಟ್ಟಿಗೆ ಅದರ ಮುಂದಿನ ತಲೆಮಾರಿನ ಕೆಳಗೆ. ಈ ಚಿಗುರುವ ಗುಣವನ್ನು ಈಚೆಗೆ ಎಲ್ಲರೂ ಕಣ್ಣಾರೆ ಕಂಡರು. 1902ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಅತಿ ಹಳೆಯ ಸ್ಟೇಟ್ ಪಾರ್ಕ್ ಬಿಗ್ ಬೇಸಿನ್, 2020ರ ಆಗಸ್ಟ್‌ನಲ್ಲಿ ಮಿಂಚಿನಿಂದ ಹೊತ್ತಿದ ಬೆಂಕಿಗೆ ಹೆಚ್ಚುಕಡಿಮೆ ಪೂರ್ತಿ ಸುಟ್ಟಿತು. ಕಟ್ಟಡಗಳು ಬೂದಿಯಾದವು. ರೆಡ್‌ವುಡ್‌ಗಳು ಮಾತ್ರ ಬಹುತೇಕ ಉಳಿದವು. ಕರಿ ಕಾಂಡದ ಮೇಲೆಲ್ಲ ಹಸಿರು ಚಿಗುರು ಹೊಡೆಯಿತು.

ಇನ್ನೊಂದು ವಿಷಯ. ಬೆಳಿಗ್ಗೆ ಎದ್ದರೆ ಟೆಂಟು ಒದ್ದೆಯಾಗಿರುತ್ತದೆ. ಮಳೆ ಬಂತಾ ಅಂತ ನೋಡಿದರೆ ರಸ್ತೆ ಒಣಗಿರುತ್ತದೆ. ಸಮುದ್ರದ ಮಂಜು ರೆಡ್‌ವುಡ್ ಎಲೆಗಳಿಗೆ ತಾಗಿ ಹನಿಯಾಗಿ ತೊಟ್ಟಿಕ್ಕುವುದು ಅದು. ಮಳೆಯೇ ಇಲ್ಲದ ಬೇಸಿಗೆಯಲ್ಲಿ ಈ ಕಾಡು ಬದುಕುವುದೇ ಹಾಗೆ. ಮಂಜು ಜಾಸ್ತಿ ಇರುವ ಕಡೆ ವರ್ಷದ ನೀರಿನಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಸಿಗುತ್ತದೆ. ನಿಮಗೆ ಇದರ ಅರ್ಥ ಇಷ್ಟೇ: ಹವಾಮಾನ ವರದಿಯಲ್ಲಿ ಬಿಸಿಲು ಅಂತಿದ್ದರೂ ಟೆಂಟಿನ ಮೇಲಿನ ಹೊದಿಕೆ ಹಾಕಿಯೇ ಮಲಗಿ. ಚಪ್ಪಲಿ, ಟವೆಲ್ಲು ಹೊರಗೆ ಬಿಡಬೇಡಿ.

ಮಂಡಿ ನೋವು ಹೆಚ್ಚಿದ್ದು ಟೆಂಟೇ ಬೇಡ ಅನ್ನಿಸಿದರೆ ಇದೇ ಪಾರ್ಕಿನಲ್ಲಿ ಕೆಲವು ಮರದ ಕ್ಯಾಬಿನ್‌ಗಳಿವೆ. ಬೇಗ ತುಂಬಿಹೋಗುತ್ತವೆ. ಅದೂ ಸಿಗದಿದ್ದರೆ ಹಾಫ್ ಮೂನ್ ಬೇ ಸ್ಟೇಟ್ ಬೀಚ್. ಅಲ್ಲೂ ಸಮತಟ್ಟಾದ ದಾರಿ, ಪಕ್ಕದಲ್ಲೇ ಸಮುದ್ರ, ಗಾಳಿ ಮಾತ್ರ ಜೋರು. ಮಾರ್ಗನ್ ಹಿಲ್ ಹತ್ತಿರದ ಹೆನ್ರಿ ಕೋ ಸ್ಟೇಟ್ ಪಾರ್ಕನ್ನು ಯಾರಾದರೂ ಹೊಗಳಿ ಹೇಳಿಯಾರು. ರಾಜ್ಯದಲ್ಲೇ ಎರಡನೇ ದೊಡ್ಡ ಸ್ಟೇಟ್ ಪಾರ್ಕ್ ಅದು, ವಸಂತದಲ್ಲಿ ಹೂವು ನೋಡಲು ಬಲು ಚಂದ. ಆದರೆ ಬೇಸಿಗೆಯಲ್ಲಿ ಉರಿಬಿಸಿಲು, ಎಲ್ಲಿ ನೋಡಿದರೂ ಕಡಿದಾದ ಏರು. ಅತ್ತೆ-ಮಾವನನ್ನು ಕರೆದುಕೊಂಡು ಹೋಗುವ ಜಾಗವಲ್ಲ.

ಬುಕಿಂಗ್ ವಿಷಯಕ್ಕೆ ಬರೋಣ. ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ಜಾಲತಾಣದಲ್ಲಿ ಸೈಟುಗಳು ಆರು ತಿಂಗಳ ಮುಂಚೆ, ಬೆಳಿಗ್ಗೆ 8 ಗಂಟೆಗೆ ತೆರೆಯುತ್ತವೆ. ಆಗಸ್ಟ್ 5ಕ್ಕೆ ಬೇಕಿದ್ದರೆ ಫೆಬ್ರವರಿ 5ರ ಬೆಳಿಗ್ಗೆ ಲಾಗಿನ್ ಮಾಡಿ ಕೂತಿರಬೇಕು. ತತ್ಕಾಲ್ ಟಿಕೆಟ್ ಬುಕ್ ಮಾಡಿದ ಅಭ್ಯಾಸ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶುಕ್ರವಾರ, ಶನಿವಾರ ಬಿಟ್ಟು ಭಾನುವಾರ, ಸೋಮವಾರದ ರಾತ್ರಿಗಳನ್ನು ಹಿಡಿಯಿರಿ. ಶಾಲೆ ಶುರುವಾಗುವ ಮುಂಚೆ ಸಿಕ್ಕರೆ ಬಹಳ ಒಳ್ಳೆಯದು. ಸಿಗದಿದ್ದರೆ ಸೆಪ್ಟೆಂಬರ್. ಈ ಕರಾವಳಿಯಲ್ಲಿ ಮಂಜು ಕಡಿಮೆಯಾಗಿ ಒಳ್ಳೆಯ ಬಿಸಿಲು ಬರುವುದೇ ಆಗ. ಜನ ಬುಕಿಂಗ್ ರದ್ದು ಮಾಡುತ್ತಲೇ ಇರುತ್ತಾರೆ, ಹಾಗಾಗಿ ಹೊರಡುವ ವಾರದಲ್ಲೂ ನೋಡುತ್ತಾ ಇರಿ. ಎರಡು ರಾತ್ರಿಗೆ ಬುಕ್ ಮಾಡಿ. ಮೊದಲ ರಾತ್ರಿ ಹೊಸ ಜಾಗ, ಯಾರಿಗೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಎರಡನೇ ರಾತ್ರಿಯೇ ನಿಜವಾದ ಕ್ಯಾಂಪಿಂಗ್. ಒಂದು ಸೈಟಿನಲ್ಲಿ ಸಾಮಾನ್ಯವಾಗಿ ಎಂಟು ಜನ ಇರಬಹುದು, ನೀವು ಆರು, ಸರಿಹೋಯಿತು.

ನ್ಯಾಷನಲ್ ಪಾರ್ಕಿನ ವರ್ಷದ ಪಾಸ್ ಇಟ್ಟುಕೊಂಡು ಸ್ಟೇಟ್ ಪಾರ್ಕಿನ ಗೇಟಿನಲ್ಲಿ ವಾದ ಮಾಡುವವರು ಇದ್ದಾರೆ. ಅದು ಇಲ್ಲಿ ನಡೆಯುವುದಿಲ್ಲ, ಎರಡೂ ಬೇರೆ ಬೇರೆ ಸರ್ಕಾರದವು. ಬರೀ ಹಗಲಿನ ಸುತ್ತಾಟಕ್ಕಾದರೆ ನಿಮ್ಮ ಊರಿನ ಲೈಬ್ರರಿಯಲ್ಲಿ ಕೇಳಿ. ಕ್ಯಾಲಿಫೋರ್ನಿಯಾದ ಅನೇಕ ಲೈಬ್ರರಿಗಳು ಸ್ಟೇಟ್ ಪಾರ್ಕಿನ ಪಾರ್ಕಿಂಗ್ ಪಾಸನ್ನು ಪುಸ್ತಕದ ಹಾಗೆ ಎರವಲು ಕೊಡುತ್ತವೆ. ರಾತ್ರಿ ಉಳಿಯುವ ಶುಲ್ಕಕ್ಕೆ ಮಾತ್ರ ಅದು ಬರುವುದಿಲ್ಲ.

ಊಟ. ದಯವಿಟ್ಟು ಅಲ್ಲಿ ಹಬ್ಬದ ಅಡುಗೆ ಮಾಡಲು ಹೋಗಬೇಡಿ. ಎರಡು ಬರ್ನರಿನ ಪ್ರೊಪೇನ್ ಒಲೆ ಒಂದು ಸಾಕು. ಮೊದಲ ಸಂಜೆಗೆ ಮನೆಯಿಂದಲೇ ಚಪಾತಿ, ಪಲ್ಯ, ಮೊಸರನ್ನ. ಟೆಂಟು ಹಾಕಿ ಸುಸ್ತಾಗಿರುತ್ತೀರಿ, ಆಗ ಒಲೆ ಹಚ್ಚುವ ಉತ್ಸಾಹ ಯಾರಿಗೂ ಇರುವುದಿಲ್ಲ. ಬೆಳಿಗ್ಗೆಗೆ ಗೊಜ್ಜವಲಕ್ಕಿಯಷ್ಟು ಅನುಕೂಲದ ತಿಂಡಿ ಇನ್ನೊಂದಿಲ್ಲ. ಹುಣಸೆಹುಳಿ, ಬೆಲ್ಲ, ಸಾರಿನ ಪುಡಿ ಎಲ್ಲ ಮನೆಯಲ್ಲೇ ಗೊಜ್ಜು ಮಾಡಿಕೊಂಡು, ಅಲ್ಲಿ ಅವಲಕ್ಕಿ ತರಿಗೆ ಕಲಸಿ ಒಗ್ಗರಣೆ ಕೊಟ್ಟರೆ ಆಯಿತು. ಮರುದಿನ ರಾತ್ರಿ ಕುಕ್ಕರಿನಲ್ಲಿ ಬಿಸಿಬೇಳೆಬಾತ್, ಜೊತೆಗೆ ಚಿಪ್ಸ್. ಕಾಫಿ ಡಿಕಾಕ್ಷನ್ ಮನೆಯಲ್ಲೇ ಇಳಿಸಿ ಬಾಟಲಿಯಲ್ಲಿ ಒಯ್ಯಿರಿ. ಚಳಿಯಲ್ಲಿ ಎದ್ದ ಮಾವನಿಗೆ ಬೆಳಿಗ್ಗೆ ಆರಕ್ಕೆ ಕಾಫಿ ಸಿಕ್ಕರೆ ಉಳಿದ ದಿನ ಸಲೀಸು.

ಇಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅತ್ತೆಯವರು ಊಟದ ಮುಂಚೆ ಒಂದು ತುತ್ತು ಅನ್ನ ಹಕ್ಕಿಗೆ ಅಂತ ಹೊರಗಿಡಬಹುದು. ಊರಿನಲ್ಲಿ ಕಾಗೆಗೆ ಇಡುತ್ತೇವಲ್ಲ, ಹಾಗೆ. ಇಲ್ಲಿ ಬೇಡ ಅಂತ ಮೊದಲೇ ನಿಧಾನವಾಗಿ ಹೇಳಿ. ಕಾರಣವೂ ಹೇಳಿ. ಸ್ಟೆಲ್ಲರ್ಸ್ ಜೇ ಅಂತ ಒಂದು ಹಕ್ಕಿ ಇದೆ, ನೀಲಿ ಮೈ, ಕಪ್ಪು ಜುಟ್ಟು, ಕಾಗೆಯ ಬಳಗವೇ. ಕ್ಯಾಂಪಿನಲ್ಲಿ ಬಿದ್ದ ಅನ್ನ, ಚಿಪ್ಸ್ ತಿಂದು ಇವುಗಳ ಸಂಖ್ಯೆ ವಿಪರೀತ ಹೆಚ್ಚಾಗುತ್ತದೆ. ಆಮೇಲೆ ಇವು ಬೇರೆ ಹಕ್ಕಿಗಳ ಮೊಟ್ಟೆ, ಮರಿ ತಿನ್ನಲು ಹೋಗುತ್ತವೆ. ಮಾರ್ಬಲ್ಡ್ ಮರ್ರೆಲೆಟ್ ಎಂಬ ಅಪರೂಪದ ಕಡಲ ಹಕ್ಕಿ ಹಳೆಯ ರೆಡ್‌ವುಡ್‌ಗಳ ಎತ್ತರದ ಕೊಂಬೆಯಲ್ಲಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಅದು ಜೇ ಪಾಲಾಗುತ್ತದೆ. ಸಾಂಟಾ ಕ್ರೂಜ್ ಬೆಟ್ಟಗಳ ಪಾರ್ಕುಗಳಲ್ಲಿ ಒಂದು ತುಣುಕೂ ಬೀಳಿಸಬೇಡಿ ಅಂತ ಇದಕ್ಕಾಗಿಯೇ ಬೋರ್ಡು ಹಾಕಿರುತ್ತಾರೆ. ರಾತ್ರಿ ಪಾಳಿ ರಕೂನ್ ಎಂಬ ಪ್ರಾಣಿಗಳದ್ದು. ಅವಕ್ಕೆ ಕೂಲರಿನ ಮುಚ್ಚಳ ತೆಗೆಯುವುದು ಗೊತ್ತು. ಎಲ್ಲ ತಿಂಡಿ, ಟೂತ್‌ಪೇಸ್ಟ್ ಕೂಡ, ಸೈಟಿನಲ್ಲಿರುವ ಪೆಟ್ಟಿಗೆಗೆ ಹೋಗಲಿ. ಟೆಂಟಿನೊಳಗೆ ಮಗನ ಜೇಬಿನಲ್ಲಿ ಕಡಲೆಮಿಠಾಯಿ ಇರಬಾರದು.

ಈಗ ನಿಮ್ಮ ಭಯದ ಪಟ್ಟಿ. ಕ್ಯಾಲಿಫೋರ್ನಿಯಾದ ಬಾವುಟದ ಮೇಲಿರುವ ಗ್ರಿಜ್ಲಿ ಕರಡಿ ಈ ರಾಜ್ಯದಲ್ಲಿ 1920ರ ದಶಕದಲ್ಲೇ ನಿರ್ನಾಮವಾಯಿತು. ಉಳಿದಿರುವುದು ಕಪ್ಪು ಕರಡಿ. ಅದರ ಮುಖ್ಯ ನೆಲೆ ಸಿಯೆರಾ ಬೆಟ್ಟಗಳು ಮತ್ತು ಉತ್ತರದ ಕಾಡುಗಳು. ಲೇಕ್ ಟಾಹೋ ಕಡೆ ಹೋದಾಗ ಅದರ ಬಗ್ಗೆ ಯೋಚಿಸೋಣ. ರ‍್ಯಾಟಲ್‌ಸ್ನೇಕ್ ಎಂಬ ವಿಷದ ಹಾವು ಬಿಸಿಲು ಬೀಳುವ ಒಣ ಜಾಗಗಳಲ್ಲಿ ಇರುತ್ತದೆ. ದಾರಿ ಬಿಟ್ಟು ಹೋಗಬೇಡಿ, ಕಾಣದ ಕಡೆ ಕೈ ಹಾಕಬೇಡಿ, ಅಷ್ಟೇ. ಬೆಟ್ಟದ ಸಿಂಹ (ಮೌಂಟನ್ ಲಯನ್) ಅಕಸ್ಮಾತ್ ಕಂಡರೆ ಓಡಬಾರದು. ಚಿಕ್ಕವನನ್ನು ಎತ್ತಿಕೊಂಡು, ಕೈ ಮೇಲೆತ್ತಿ ಗದರಿಸುತ್ತಾ ಹಿಂದೆ ಸರಿಯಿರಿ.

ನಿಜವಾಗಿ ಕಾಡುವುದು ಎರಡು ಸಣ್ಣ ಸಂಗತಿ. ಒಂದು ಪಾಯ್ಸನ್ ಓಕ್. ಹೆಸರಿಗೆ ಓಕ್, ಜಾತಿಯಲ್ಲಿ ನಮ್ಮ ಮಾವು, ಗೇರಿನ ಕುಟುಂಬ. ಮಾವಿನ ಸೊನೆ ತುಟಿಗೆ ತಾಗಿ ಸುಟ್ಟಿದ್ದು, ಹಸಿ ಗೇರುಬೀಜದ ಎಣ್ಣೆ ಕೈ ಸುಡುವುದು ನೆನಪಿದೆಯಲ್ಲ? ಇದರದ್ದೂ ಅದೇ ವಂಶದ ವಿಷ, ಇನ್ನೂ ಜೋರು. ಒಂದು ತೊಟ್ಟಿಗೆ ಮೂರೆಲೆ. ನಡುವಿನ ಎಲೆಗೆ ತೊಟ್ಟು ಉದ್ದ. ವಸಂತದಲ್ಲಿ ಎಲೆ ಹೊಳೆಯುತ್ತದೆ, ಬೇಸಿಗೆ ಮುಗಿಯುವ ಹೊತ್ತಿಗೆ ಚಂದದ ಕೆಂಪಾಗುತ್ತದೆ. ಮಗಳು ಕಿತ್ತು ಪುಸ್ತಕದಲ್ಲಿಡಲು ನೋಡುವುದೇ ಆ ಕೆಂಪೆಲೆಯನ್ನು. ತಾಗಿದರೆ ತಕ್ಷಣ ಏನೂ ಆಗುವುದಿಲ್ಲ, ಒಂದೆರಡು ದಿನ ಬಿಟ್ಟು ಗುಳ್ಳೆ, ತುರಿಕೆ. ತಾಗಿತು ಅನ್ನಿಸಿದ ಕೂಡಲೇ ಸೋಪು ಹಚ್ಚಿ, ಬಟ್ಟೆಯಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ಎಣ್ಣೆಯಾದ್ದರಿಂದ ಬರೀ ನೀರಿಗೆ ಹೋಗುವುದಿಲ್ಲ. ಪ್ಯಾಂಟು, ಶೂ ಮೇಲೂ ಅಂಟಿರುತ್ತದೆ, ಅದನ್ನೂ ತೊಳೆಯಬೇಕು.

ಇನ್ನೊಂದು ಉಣುಗು. ಶಿವಮೊಗ್ಗ ಕಡೆಯವರಿಗೆ ಮಂಗನ ಕಾಯಿಲೆಯಿಂದಾಗಿ ಇದರ ಪರಿಚಯ ಚೆನ್ನಾಗಿದೆ. ಇಲ್ಲಿ ಇದು ಲೈಮ್ ಕಾಯಿಲೆ ತರಬಲ್ಲದು. ಎಳೆಯ ಉಣುಗು ಗಸಗಸೆಯಷ್ಟೇ ಇರುತ್ತದೆ. ವಸಂತದಿಂದ ಬೇಸಿಗೆಯ ಮೊದಲ ಭಾಗದವರೆಗೆ ಬಿದ್ದ ಮರ, ತರಗೆಲೆಗಳ ಮೇಲೆ ಜಾಸ್ತಿ. ಮರದ ದಿಮ್ಮಿ ಮೇಲೆ ಕೂರುವುದು ಬಿಟ್ಟು ಕುರ್ಚಿ ಒಯ್ಯಿರಿ. ಸಂಜೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ಬೆರಳಾಡಿಸಿ ನೋಡಿ. ಕಚ್ಚಿಕೊಂಡಿದ್ದರೆ ಸಣ್ಣ ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಬೆಂಕಿಕಡ್ಡಿ, ಸೀಮೆಎಣ್ಣೆ ಪ್ರಯೋಗ ಬೇಡ. ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕಚ್ಚಿಕೊಂಡಿದ್ದರೆ ಮಾತ್ರ ಸೋಂಕಿನ ಸಾಧ್ಯತೆ. ಆಮೇಲೆ ಜ್ವರವೋ ಕೆಂಪು ಕಲೆಯೋ ಕಂಡರೆ ಡಾಕ್ಟರಿಗೆ ತೋರಿಸಿ.

ನಡಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೇಲ್ ಎಷ್ಟು ಮೈಲಿ ಅಂತ ನೋಡುವವರೇ ಎಲ್ಲ, ಎಷ್ಟು ಏರು ಅಂತ ನೋಡುವವರು ಕಡಿಮೆ. ಐದು ವರ್ಷದವನ ಜೊತೆ ಎರಡು-ಮೂರು ಮೈಲಿ ಸಾಕು. 500 ಅಡಿಗಿಂತ ಹೆಚ್ಚು ಏರಿದ್ದರೆ ಬಿಟ್ಟುಬಿಡಿ. ನೀವಿಬ್ಬರೇ ಸರದಿಯ ಮೇಲೆ ಹೋಗಬೇಕಾದರೆ ಟೇಲರ್ ಪಾರ್ಕಿನ ಪಯೋನಿಯರ್ ಟ್ರೀ ಟ್ರೇಲ್ ಚೆನ್ನಾಗಿದೆ. ಕಣಿವೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವ ಭರವಸೆ ಇಲ್ಲ. ನಕ್ಷೆ ಮನೆಯಲ್ಲೇ ಇಳಿಸಿಕೊಳ್ಳಿ. ಮಾವನ ಬಿಪಿ ಮಾತ್ರೆ ಎಲ್ಲಿದೆ ಅನ್ನುವುದು ಇಬ್ಬರಿಗೆ ಗೊತ್ತಿರಲಿ.

ಸೌದೆಯನ್ನು ಫ್ರೀಮಾಂಟ್‌ನಿಂದ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಸೌದೆಯ ಜೊತೆ ಮರದ ರೋಗ, ಹುಳ ಊರಿಂದೂರಿಗೆ ಹೋಗುತ್ತವೆ. ಲಕ್ಷಾಂತರ ಓಕ್, ಟ್ಯಾನ್‌ಓಕ್ ಮರಗಳನ್ನು ಕೊಂದ ರೋಗ 1990ರ ದಶಕದಲ್ಲಿ ಮೊದಲು ಕಣ್ಣಿಗೆ ಬಿದ್ದ ಕಡೆಗಳಲ್ಲಿ ಇದೇ ಮರಿನ್ ಕೌಂಟಿಯೂ ಇದೆ. ಬೇಸಿಗೆಯಲ್ಲಿ ಕ್ಯಾಂಪ್‌ಫೈರ್ ನಿಷೇಧ ಇರಬಹುದು, ಹೊರಡುವ ಮುಂಚೆ ವಿಚಾರಿಸಿ. ಮಕ್ಕಳಿಗೆ ಬೆಂಕಿಯ ಆಸೆ ತೋರಿಸಿ ಆಮೇಲೆ ಇಲ್ಲ ಅನ್ನುವುದು ಕಷ್ಟ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ. ಹತ್ತಕ್ಕೆ ಅಂತ್ಯಾಕ್ಷರಿ ನಿಲ್ಲಿಸಿ. ಸ್ಪೀಕರ್ ಅಂತೂ ತರಲೇಬೇಡಿ.

ಸೈಟಿಗೆ ಮಧ್ಯಾಹ್ನ 2ರಿಂದ ಬಿಡುತ್ತಾರೆ. ಮೂರರೊಳಗೆ ಅಲ್ಲಿರಿ. ಕಣಿವೆಯಲ್ಲಿ ಸೂರ್ಯ ಮುಳುಗುವ ಮುಂಚೆಯೇ ಕತ್ತಲು ಕವಿಯುತ್ತದೆ. ತಲೆಗೆ ಕಟ್ಟುವ ದೀಪ ಆರು ಜನಕ್ಕೂ ಒಂದೊಂದು ಬೇಕು. ಒಂದೇ ಟಾರ್ಚಿಗೆ ಮಕ್ಕಳು ಕಿತ್ತಾಡುತ್ತಾರೆ. ಹೊರಡುವ ದಿನ ಟೆಂಟು ಒದ್ದೆಯಾಗಿಯೇ ಮಡಿಸಬೇಕಾಗಿ ಬರಬಹುದು. ಮನೆಗೆ ಬಂದ ದಿನವೇ ಬಾಲ್ಕನಿಯಲ್ಲಿ ಬಿಚ್ಚಿ ಹರಡಿ ಒಣಗಿಸಿ. ಇಲ್ಲದಿದ್ದರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ಬಾಡಿಗೆಯ ಟೆಂಟಾದರೆ ಅದಕ್ಕೂ ದುಡ್ಡು ಕೇಳಿಯಾರು.